ಜೋ ಬೀಮ್‌ನ ಅಮ್ಮ

ಪ್ರೀತಿಯ ಗೆಳೆಯ,

ಮೊನ್ನೆ ಫೋನಿನಲ್ಲಿ ನೀನು ಕೇಳಿದ್ದಕ್ಕೆ ನಾನು ಸರಿಯಾಗಿ ಉತ್ತರ ಕೊಡಲಿಲ್ಲ. "ಅಮೆರಿಕದ ಕಪ್ಪು ಗೇ ಗಂಡಸರು ನಲವತ್ತು ವರ್ಷದ ಹಿಂದೆ ಬರೆದದ್ದನ್ನು ನೀನ್ಯಾಕೆ ಇಷ್ಟು ಹಚ್ಚಿಕೊಂಡಿದ್ದೀಯ?" ಅಂದೆ. ನಾನು ಬಸ್ಸಿನಲ್ಲಿದ್ದೆ. ಏನೋ ಎರಡು ಮಾತು ಹೇಳಿ ಫೋನ್ ಇಟ್ಟುಬಿಟ್ಟೆ. ಈಗ ಕೂತು ಬರೆಯುತ್ತಿದ್ದೇನೆ.

ನಾನಿರುವ ಈ ಫಿಲಡೆಲ್ಫಿಯಾದಲ್ಲಿ, 12ನೇ ಬೀದಿ ಮತ್ತು ಪೈನ್ ಬೀದಿ ಕೂಡುವ ಮೂಲೆಯಲ್ಲಿ ಒಂದು ಪುಸ್ತಕದಂಗಡಿ ಇದೆ. ಹೆಸರು ಜಿಯೊವಾನಿಸ್ ರೂಮ್. ಊರಿನಲ್ಲಿ ಈ ಅಂಗಡಿ ಶುರುವಾದದ್ದು 1973ರಲ್ಲಿ. ಜೇಮ್ಸ್ ಬಾಲ್ಡ್‌ವಿನ್ 1956ರಲ್ಲಿ ಬರೆದ ಕಾದಂಬರಿಯ ಹೆಸರನ್ನೇ ಅದಕ್ಕೆ ಇಟ್ಟರು. ಬಾಲ್ಡ್‌ವಿನ್ ಕಪ್ಪು ಮನುಷ್ಯ, ಗಂಡಸರನ್ನು ಪ್ರೀತಿಸಿದವನು. ಆದರೆ ಆ ಕಾದಂಬರಿಯಲ್ಲಿ ಪ್ರೀತಿಸುವ ಇಬ್ಬರೂ ಬಿಳಿಯರು. ಬಣ್ಣದ ಭಾರ, ಈ ಪ್ರೀತಿಯ ಭಾರ, ಎರಡನ್ನೂ ಒಂದೇ ಪುಸ್ತಕದಲ್ಲಿ ಹೊರೋಕೆ ಆಗ ತನ್ನಿಂದ ಆಗುತ್ತಿರಲಿಲ್ಲ ಅಂತ ಅವನೇ ಮುಂದೆ ಹೇಳಿದ.

ಆ ಎರಡೂ ಭಾರವನ್ನು ಹೊತ್ತ ಪುಸ್ತಕವೊಂದನ್ನು ಮಾಡಿದವನು ಇದೇ ಅಂಗಡಿಯಲ್ಲಿ ಕೆಲಸಕ್ಕಿದ್ದ ಹುಡುಗ. ಜೋಸೆಫ್ ಬೀಮ್. ಎಲ್ಲರಿಗೂ ಜೋ. ಕಪಾಟಿನ ತುಂಬಾ ಗೇ ಸಾಹಿತ್ಯವೇ ಇತ್ತು, ಆದರೆ ಬರೆದವರು ಹೆಚ್ಚು ಕಡಿಮೆ ಎಲ್ಲಾ ಬಿಳಿಯರು. 1983ರ ಹೊತ್ತಿಗೆ ಅದನ್ನು ಓದಿ ಓದಿ ಸಾಕಾಗಿತ್ತು ಅಂತ ಅವನೇ ಬರೆದಿದ್ದಾನೆ. ಅವನಿಗೆ ಧೈರ್ಯ ಬಂದದ್ದು ಹೆಂಗಸರಿಂದ. ಆಡ್ರಿ ಲಾರ್ಡ್, ಬಾರ್ಬರಾ ಸ್ಮಿತ್ ಮುಂತಾದ ಕಪ್ಪು ಲೆಸ್ಬಿಯನ್ ಲೇಖಕಿಯರು ಆಗಲೇ ತಮ್ಮ ಬದುಕನ್ನು ಮುಚ್ಚುಮರೆ ಇಲ್ಲದೆ ಬರೆಯುತ್ತಿದ್ದರು. ಗಂಡಸರು ಯಾಕೆ ಬಾಯಿ ಬಿಡುತ್ತಿಲ್ಲ ಅನ್ನೋದು ಜೋನ ಪ್ರಶ್ನೆ. ಊರೂರಿಗೆ ಕಾಗದ ಬರೆದ. ಜೈಲಿನಲ್ಲಿದ್ದವರಿಗೂ ಬರೆದ. 1986ರಲ್ಲಿ 29 ಜನರ ಬರಹ ಸೇರಿಸಿ 'ಇನ್ ದ ಲೈಫ್' ಅನ್ನುವ ಪುಸ್ತಕ ತಂದ.

ಈ ಹೆಸರು ನನಗೆ ತುಂಬಾ ಇಷ್ಟ. ಕಪ್ಪು ಜನರ ಆಡುಮಾತಿನಲ್ಲಿ 'ಅವನು ಆ ಬದುಕಿನವನು' ಅನ್ನುವ ಹಾಗೆ. ಗೊತ್ತಿದ್ದವರಿಗೆ ಮಾತ್ರ ಅರ್ಥ ಆಗುವ ಮಾತು. ನಮ್ಮ ಪೇಪರಿನವರು ಬಳಸುವ 'ಸಲಿಂಗಕಾಮಿ' ನೋಡು, ಅದರೊಳಗೆ ಕಾಮ ಕೂತಿದೆ, ಬದುಕಿಗೆ ಜಾಗವೇ ಇಲ್ಲ. ಹದಿನಾರನೇ ವಯಸ್ಸಿನಲ್ಲಿ ಆ ಪದವನ್ನು ಮೊದಲ ಸಲ ಓದಿದಾಗ ಅದು ನನ್ನ ಬಗ್ಗೆ ಅಂತ ನನಗೆ ಅನಿಸಿರಲೇ ಇಲ್ಲ. ನನಗೆ ಆಗ ಇದ್ದದ್ದು ಒಬ್ಬ ಹುಡುಗನ ಪಕ್ಕ ಬೆಂಚಿನಲ್ಲಿ ಕೂರಬೇಕು ಅನ್ನುವ ಆಸೆ ಅಷ್ಟೇ.

ಅದೇ ಪುಸ್ತಕದಲ್ಲಿ ಜೋ ಒಂದು ಮಾತು ಬರೆದ. ಕಪ್ಪು ಗಂಡಸರು ಕಪ್ಪು ಗಂಡಸರನ್ನು ಪ್ರೀತಿಸುವುದೇ ಎಂಬತ್ತರ ದಶಕದ ಕ್ರಾಂತಿ ಅಂತ. ಈ ಮಾತನ್ನು ಎಲ್ಲರೂ ಎತ್ತಿ ಹೇಳುತ್ತಾರೆ. ಮಾರ್ಲನ್ ರಿಗ್ಸ್ 1989ರಲ್ಲಿ ಮಾಡಿದ ಸಿನಿಮಾ 'ಟಂಗ್ಸ್ ಅನ್‌ಟೈಡ್' ಮುಗಿಯುವುದೂ ಇದರಿಂದಲೇ. ನನ್ನನ್ನು ಹಿಡಿದು ನಿಲ್ಲಿಸಿದ್ದು ಅದೇ ಲೇಖನದ ಇನ್ನೊಂದು ಸಾಲು. ನಾನು ಇರುವ ಹಾಗೆಯೇ ಮನೆಗೆ ಹೋಗೋಕೆ ಆಗಲ್ಲ ಅನ್ನುತ್ತಾನೆ. ಮನೆ ಅಂದರೆ ಅಪ್ಪ ಅಮ್ಮ ಇರುವ ಮನೆ ಮಾತ್ರ ಅಲ್ಲ, ತನ್ನ ಇಡೀ ಸಮುದಾಯ. ಅವರ ಚರ್ಚು, ಅವರ ಪತ್ರಿಕೆ, ಅವರ ಬೀದಿ. ಬಿಳಿಯರ ನಡುವೆ ಕಪ್ಪಗಿರುವ ಕಷ್ಟ ಒಂದು ಕಡೆ. ತನ್ನವರ ನಡುವೆ ಅರ್ಧ ಮನುಷ್ಯನಾಗಿ ಇರಬೇಕಾದ ಕಷ್ಟ ಇನ್ನೊಂದು ಕಡೆ. ಅವನಿಗೆ ಹೆಚ್ಚು ನೋವು ಕೊಟ್ಟದ್ದು ಎರಡನೆಯದು ಅಂತ ನನಗೆ ಅನಿಸುತ್ತೆ.

ಬಣ್ಣಕ್ಕಾಗಿ ಅವರು ತಿಂದ ಪೆಟ್ಟು ನಾನು ತಿಂದಿಲ್ಲ. ಅವರ ನೋವೇ ನನ್ನ ನೋವು ಅಂತ ನಾನು ಹೇಳಲಾರೆ, ಹೇಳಬಾರದು ಕೂಡ. ಆದರೆ 'ಇರುವ ಹಾಗೆಯೇ ಮನೆಗೆ ಹೋಗೋದು' ಅನ್ನುವ ಮಾತು ಓದಿದ ರಾತ್ರಿ ನನಗೆ ನಿದ್ದೆ ಬರಲಿಲ್ಲ.

ಜೋ ಎರಡನೇ ಪುಸ್ತಕಕ್ಕೆ ಬರಹ ಕೂಡಿಸುತ್ತಿದ್ದ. 1988ರ ಡಿಸೆಂಬರ್ 27ರಂದು ಏಡ್ಸ್‌ನಿಂದ ತೀರಿಕೊಂಡ. ಇನ್ನು ಮೂರು ದಿನ ಕಳೆದಿದ್ದರೆ 34 ತುಂಬುತ್ತಿತ್ತು. ಹತ್ತಿರದ ಎಷ್ಟೋ ಜನರಿಗೆ ಅವನ ಕಾಯಿಲೆಯ ಸುದ್ದಿಯೇ ಗೊತ್ತಿರಲಿಲ್ಲ. ಅಷ್ಟು ಬರೆದವನು, ಅಷ್ಟು ಜನರ ಬಾಯಿ ಬಿಡಿಸಿದವನು, ಇದೊಂದನ್ನು ಹೇಳಿಕೊಳ್ಳಲಿಲ್ಲ. ಇದನ್ನು ನೆನೆದರೆ ಈಗಲೂ ಸಂಕಟ ಆಗುತ್ತೆ ಕಣೋ.

ಅವನು ಒಬ್ಬನೇ ಮಗ. ಅಮ್ಮ ಡೊರೊಥಿ ಬೀಮ್ ಶಾಲೆಯ ಟೀಚರ್ ಆಗಿದ್ದವರು. ಮಗನ ಕಾಗದಪತ್ರ, ಅರ್ಧ ಆದ ಪುಸ್ತಕ ಎಲ್ಲ ಅವರ ಕೈಗೆ ಬಂತು. ಆ ಕಾಲದಲ್ಲಿ ಎಷ್ಟೋ ಮನೆಗಳಲ್ಲಿ ಏನಾಗುತ್ತಿತ್ತು ಗೊತ್ತಾ? ಸತ್ತವನ ಪ್ರೀತಿ, ಸತ್ತ ಕಾರಣ, ಎರಡನ್ನೂ ಹೆಣದ ಜೊತೆಗೇ ಹೂಳುತ್ತಿದ್ದರು. 1992ರಲ್ಲಿ ನ್ಯೂಯಾರ್ಕಿನಲ್ಲಿ ಡೊನಾಲ್ಡ್ ವುಡ್ಸ್ ಅನ್ನುವ ಕವಿ ತೀರಿಕೊಂಡ. ಅಂತ್ಯಸಂಸ್ಕಾರದಲ್ಲಿ ಅವನು ಗೇ ಅಂತಾಗಲೀ, ಏಡ್ಸ್‌ನಿಂದ ಸತ್ತ ಅಂತಾಗಲೀ ಯಾರೂ ಹೇಳಲಿಲ್ಲ. ಆಗ ಹೈಟಿಯಲ್ಲಿ ಹುಟ್ಟಿದ ಕವಿ ಅಸೊಟೊ ಸೇಂಟ್ ತುಂಬಿದ ಚರ್ಚಿನಲ್ಲಿ ಎದ್ದು ನಿಂತು ಎರಡನ್ನೂ ಹೇಳಿದ. ಎರಡು ವರ್ಷಕ್ಕೆ ಅವನೂ ಏಡ್ಸ್‌ಗೆ ಬಲಿಯಾದ.

ಡೊರೊಥಿ ಏನನ್ನೂ ಹೂಳಲಿಲ್ಲ. ಮಗನ ಗೆಳೆಯ ಎಸೆಕ್ಸ್ ಹೆಂಪ್‌ಹಿಲ್ ವಾಷಿಂಗ್ಟನ್ನಿನ ಕವಿ. ಪುಸ್ತಕ ಮುಗಿಸಿಕೊಡೋಕೆ ಅಂತ ಅವನು ಫಿಲಡೆಲ್ಫಿಯಾಕ್ಕೆ ಬಂದ. ಡೊರೊಥಿ ಅವನನ್ನು ತಮ್ಮ ಮನೆಯಲ್ಲೇ ಇಟ್ಟುಕೊಂಡರು. ಜೋನ ಅಪ್ಪ ಅಮ್ಮ ಇದ್ದ ಮನೆಯಲ್ಲಿ ಕೂತು ಅವನು ಕೆಲಸ ಮಾಡಿದ, ಡೊರೊಥಿ ಜೊತೆಗೆ ನಿಂತರು. ಎರಡನೇ ಪುಸ್ತಕ 'ಬ್ರದರ್ ಟು ಬ್ರದರ್' 1991ರಲ್ಲಿ ಬಂತು. ಜೋಗಾಗಿ ಎಸೆಕ್ಸ್ ಒಂದು ಪದ್ಯ ಬರೆದ. ನನ್ನ ಸೋದರ ಬಿದ್ದಾಗ ಅವನ ಆಯುಧಗಳನ್ನು ನಾನು ಎತ್ತಿಕೊಂಡೆ, ಆ ಭಾರ ಹೊರಬಲ್ಲೆನಾ ಅಂತ ಒಮ್ಮೆಯೂ ಕೇಳಿಕೊಳ್ಳಲಿಲ್ಲ ಅನ್ನುವ ಪದ್ಯ. ಅವನೂ 1995ರ ನವೆಂಬರಿನಲ್ಲಿ ಏಡ್ಸ್‌ನಿಂದಲೇ ಹೋದ. 38 ವರ್ಷ. ಮಾರ್ಲನ್ ರಿಗ್ಸ್ ಅದಕ್ಕೂ ಒಂದೂವರೆ ವರ್ಷ ಮೊದಲೇ ಹೋಗಿದ್ದ.

ಆ ಮನೆಯನ್ನು ನಾನು ಎಷ್ಟು ಸಲ ಮನಸ್ಸಿನಲ್ಲಿ ಕಂಡಿದ್ದೇನೋ. ಮೇಜಿನ ಮೇಲೆ ಕಾಗದ ಹರಡಿದೆ. ಮಗನನ್ನು ಕಳೆದುಕೊಂಡ ಟೀಚರಮ್ಮ ಒಳಗಿಂದ ಊಟಕ್ಕೆ ಕರೆಯುತ್ತಾರೆ. ಬರೆಯುತ್ತಿರುವವನಿಗೆ ಅಲ್ಲಿ ಏನನ್ನೂ ಮುಚ್ಚಿಡಬೇಕಾಗಿಲ್ಲ. ಇಷ್ಟೂ ನನ್ನ ಊಹೆ. ಆದರೆ ಅವನು ಅಲ್ಲಿದ್ದದ್ದು, ಪುಸ್ತಕ ಅಲ್ಲಿ ಮುಗಿದದ್ದು ನಿಜ.

ಎರಡೂ ಪುಸ್ತಕ ಬಹಳ ವರ್ಷ ಎಲ್ಲೂ ಸಿಗುತ್ತಿರಲಿಲ್ಲ. ಮತ್ತೆ ಅಚ್ಚು ಹಾಕಿದ್ದು ಲೀಸಾ ಸಿ. ಮೂರ್ ಅನ್ನುವ ಕಪ್ಪು ಹೆಣ್ಣುಮಗಳು, ತನ್ನ ರೆಡ್‌ಬೋನ್ ಪ್ರೆಸ್‌ನಿಂದ, 2007 ಮತ್ತು 2008ರಲ್ಲಿ. ಜೋನ ಕಾಗದಪತ್ರ ನ್ಯೂಯಾರ್ಕಿನ ಹಾರ್ಲೆಮ್‌ನಲ್ಲಿ ಶಾಂಬರ್ಗ್ ಸೆಂಟರ್ ಅನ್ನುವ ಲೈಬ್ರರಿಯಲ್ಲಿ ಭದ್ರವಾಗಿದೆ. ನೀನು ಬಂದಾಗ ಇಬ್ಬರೂ ಹೋಗೋಣ.

ಎರಡೂ ಪುಸ್ತಕ ನಿನಗೆ ಪಾರ್ಸೆಲ್ ಮಾಡಿದ್ದೇನೆ. ನಿಧಾನವಾಗಿ ಓದು. ಆಮೇಲೆ ಒಂದು ಕೆಲಸ ಮಾಡಬೇಕು. ಭಾನುವಾರ ಹೇಗೂ ನಮ್ಮ ಮನೆ ಕಡೆ ಹೋಗ್ತೀಯಲ್ವಾ? ಅಮ್ಮನಿಗೆ ನನ್ನ ವಿಷಯ ಗೊತ್ತು. ಹೇಳಿ ನಾಲ್ಕು ವರ್ಷ ಆಯಿತು. ಅವತ್ತಿನಿಂದ ಅಮ್ಮ ಆ ಮಾತು ಎತ್ತಿಲ್ಲ. ಊಟ ಆಯ್ತಾ, ಚಳಿ ಜಾಸ್ತಿನಾ, ಅಷ್ಟೇ ಕೇಳುತ್ತಾಳೆ. ಅವಳೂ ಮೂವತ್ತು ವರ್ಷ ಟೀಚರ್ ಆಗಿದ್ದವಳು. ಡೊರೊಥಿ ಬೀಮ್ ಕಥೆಯನ್ನು ಅವಳಿಗೆ ಕನ್ನಡದಲ್ಲಿ ಹೇಳು. ನಾನೇ ಹೇಳಿಸಿದೆ ಅಂತಲೂ ಹೇಳು, ಮುಚ್ಚಿಡಬೇಡ. ಅವಳು ಏನಂದಳು ಅಂತ ನನಗೆ ಬರಿ. ಏನೂ ಅನ್ನದೆ ಕಾಫಿ ತರೋಕೆ ಒಳಗೆ ಎದ್ದು ಹೋದರೆ, ಅದನ್ನೂ ಬರಿ.

ನಿನ್ನವನೇ