ಮಗಳಿಗೊಂದು ಪತ್ರ: ನಡುಮನೆಯ ಮಾಡಿನ ವಿಚಾರ

ಚಿರಂಜೀವಿ ಮಗಳಿಗೆ ಅಮ್ಮನ ಆಶೀರ್ವಾದಗಳು.

ಇಲ್ಲಿ ನಾನೂ ನಿನ್ನ ಅಪ್ಪಯ್ಯನೂ ಕ್ಷೇಮ. ಭಾನುವಾರ ಫೋನಿನಲ್ಲಿ ಮಾತಿಗೆ ಮಾತು ಬೆಳೆದು ನೀನು ಅರ್ಧದಲ್ಲೇ ಇಟ್ಟುಬಿಟ್ಟೆ. ನನ್ನ ದನಿಯೂ ಏರಿತ್ತು, ಅದಕ್ಕೆ ನನಗೆ ಬೇಸರವಿದೆ. ಆದರೆ ನಡುಮನೆಯ ಸೋರುವ ಮಾಡಿನ ವಿಷಯ ಬಿಟ್ಟುಬಿಡುವಂಥದ್ದಲ್ಲ. ಮತ್ತೆ ಫೋನು ಮಾಡಿದರೆ ಮತ್ತೆ ಜಗಳವಾದೀತೆಂದು ಕಾಗದ ಬರೆಯುತ್ತಿದ್ದೇನೆ.

ನೀನು ಕಳಿಸಿದ ಹಣ ಬಂದಿದೆ. ಪಾಸ್‌ಬುಕ್ಕಿನಲ್ಲಿ ಅಂಕಿ ನೋಡಿದಾಗ ಅಪ್ಪಯ್ಯ ಒಂದೂ ಮಾತಾಡಲಿಲ್ಲ. ಸಂಜೆ ಅಡಿಕೆ ಕೇಳಲು ಬಂದವರ ಮುಂದೆ ಮಾತ್ರ ಯಾರೂ ಕೇಳದಿದ್ದರೂ ಹೇಳಿಕೊಂಡರು. ಅದರ ಜತೆಗೆ ನೀನು ಕಳಿಸಿದ್ದ ಶೀಟಿನ ಅಂದಾಜು ಪಟ್ಟಿಯನ್ನೂ ನಾನು ಪೂರ್ತಿ ಓದಿದೆ. ಈಗಿರುವ ಹೆಂಚನ್ನು ಹಾಗೆಯೇ ಬಿಟ್ಟು, ಗೋಡೆಯ ಮೇಲೆ ಕಬ್ಬಿಣದ ಪೈಪು ನಿಲ್ಲಿಸಿ ಮೇಲಿನಿಂದ ಬಣ್ಣದ ಶೀಟು ಹೊದಿಸಿದರೆ ಹತ್ತು ದಿನದಲ್ಲಿ ಸೋರುವುದು ನಿಲ್ಲುತ್ತದೆ ಎಂಬುದು ನಿನ್ನ ವಾದ. ನಿಲ್ಲುತ್ತದೆ, ನಾನೂ ಒಪ್ಪುತ್ತೇನೆ. ನಮ್ಮ ಕೇರಿಯಲ್ಲೇ ಹಾಗೆ ಮಾಡಿಸಿಕೊಂಡು ನೆಮ್ಮದಿಯಾಗಿರುವ ಮನೆಗಳಿವೆ. ನನ್ನ ಭಯ ಸೋರುವುದರ ಬಗ್ಗೆ ಅಲ್ಲ. ನಡುಮನೆಯ ತೊಲೆಯ ಬಗ್ಗೆ.

ಅಡುಗೆಮನೆ ಕಡೆಯ ಇಳಿಜಾರೂ ನಡುಮನೆಯ ಇಳಿಜಾರೂ ಕೂಡುವ ಕಣಿವೆಯ ಕೆಳಗೆ, ಕಬ್ಬಿಣದ ಪಟ್ಟಿ ಬಿಗಿದು ಜೋಡುಮರ ಕೊಟ್ಟಿರುವ ತೊಲೆಯನ್ನು ನೀನು ಬುದ್ಧಿ ಬಂದಾಗಿನಿಂದ ನೋಡಿದ್ದೀಯೆ. ಆ ಪಟ್ಟಿ ಯಾಕೆ ಬಂತೆಂದು ನಿನಗೆ ನಾವು ಯಾರೂ ಹೇಳಿರಲಿಲ್ಲ. ನೀನು ಕೈಕೂಸು. ಪುಷ್ಯ ಮಳೆ ಹೊಯ್ಯುತ್ತಿತ್ತು. ನಿನ್ನ ತೊಟ್ಟಿಲು ಆ ತೊಲೆಗೇ ಕಟ್ಟಿತ್ತು. ರಾತ್ರಿ ಹಾಲೂಡಿಸಲು ಎದ್ದಾಗ ನಿನ್ನ ಹೊದಿಕೆಯ ಮೇಲೆ ರಾಗಿಹಿಟ್ಟಿನಷ್ಟು ನುಣ್ಣಗಿನ ಪುಡಿ ಬಿದ್ದಿತ್ತು. ಕೈಯಿಂದ ಒರೆಸಿದೆ. ಸ್ವಲ್ಪ ಹೊತ್ತಿಗೆ ಮತ್ತೆ ಬಿತ್ತು, ಈ ಸಲ ಒದ್ದೆಯಾಗಿ. ಲಾಟೀನು ಎತ್ತಿ ಹಿಡಿದು ನೋಡುತ್ತಿದ್ದಂತೆಯೇ ತೊಲೆ ಒಂದು ಸಲ ಲಟಕ್ಕೆಂದಿತು. ನಿನ್ನನ್ನು ಎತ್ತಿಕೊಂಡು ಬಚ್ಚಲೊಲೆಯ ಮುಂದೆ ಕೂತವಳು ಬೆಳಕು ಹರಿಯುವ ತನಕ ಏಳಲಿಲ್ಲ. ಅಪ್ಪಯ್ಯ ಆ ಮಳೆಯಲ್ಲೇ ತೋಟದಿಂದ ಅಡಿಕೆ ಮರದ ತುಂಡು ಹೊತ್ತು ತಂದು ತೊಲೆಯ ಕೆಳಗೆ ಆಸರೆಯಾಗಿ ಊರೆ ಕೊಟ್ಟರು. ಬೆಳಿಗ್ಗೆ ಅವರು ತೊಲೆಯ ತುದಿಯನ್ನು ಒತ್ತಿದಾಗ ಬೆರಳು ಗೆಣ್ಣಿನ ತನಕ ಮರದೊಳಗೆ ಹೋಯಿತು. ಹೊರಗಿನಿಂದ ನೋಡಿದರೆ ಎಣ್ಣೆ ಸವರಿದ ಗಟ್ಟಿ ಮರ, ಒಳಗೆಲ್ಲ ಗೆದ್ದಲು ತಿಂದು ಮುಗಿಸಿತ್ತು.

ಹೋದ ತಿಂಗಳು ಅಟ್ಟ ಗುಡಿಸುವಾಗ ಆ ಜೋಡುಮರದ ಕೆಳಗೆ ಅದೇ ಪುಡಿ ಕಂಡಿತು. ಅಂದಿನಿಂದ ರಾತ್ರಿ ಗಾಳಿ ಬಂದರೆ ಎದ್ದು ಟಾರ್ಚು ಹಿಡಿದು ನೋಡಿ ಬರುತ್ತೇನೆ. ನೀನು ಮಕ್ಕಳನ್ನು ಕರೆದುಕೊಂಡು ಬಂದಾಗ ಮಲಗುವುದು ಅಲ್ಲೇ ಅಲ್ಲವೇ?

ಲೆಕ್ಕ ಹಾಕಿ ನೋಡು. ಮಂಗಳೂರು ಹೆಂಚು 100 ಚದರ ಅಡಿಗೆ ಸುಮಾರು 150 ಬೇಕು, ಒಂದೊಂದು ಎರಡೂವರೆ ಕಿಲೋ ತೂಗುತ್ತದೆ. ನಡುಮನೆಯ ಒಂದು ಮಗ್ಗುಲು 300 ಚದರ ಅಡಿಯೆಂದರೆ 450 ಹೆಂಚು, ಹನ್ನೊಂದು ಕ್ವಿಂಟಾಲಿಗೂ ಮೇಲೆ. ಮಳೆಯಲ್ಲಿ ನೆನೆದರೆ ಇನ್ನೂ ಭಾರ. ಶೀಟು ಹೊದಿಸಿದ ಮಾತ್ರಕ್ಕೆ ಈ ಭಾರ ತೊಲೆಯ ಮೇಲಿಂದ ಇಳಿಯುವುದಿಲ್ಲ. ಈಗ ಹೆಂಚು ಹೊತ್ತಿರುವ ಪಕಾಸಿ ಬಾಗಿದರೆ ಹೆಂಚಿನ ಸಾಲು ತಗ್ಗಿ ಅಂಗಳದಿಂದಲೇ ಕಾಣುತ್ತದೆ, ನೀರು ತೊಟ್ಟಿಕ್ಕಿ ಸುಳಿವು ಕೊಡುತ್ತದೆ. ಶೀಟಿನ ಕೆಳಗೆ ಅದೂ ಇಲ್ಲ. ಮರ ಒಳಗೊಳಗೇ ಮುಗಿದರೂ ನಮಗೆ ಗೊತ್ತಾಗುವುದಿಲ್ಲ.

ಆದ್ದರಿಂದ ನಾನು ಮತ್ತು ಬಡಗಿ ಆಚಾರ್ಯರು ಕೂತು ಮಾಡಿರುವ ಯೋಚನೆ ಹೀಗಿದೆ. ಯುಗಾದಿ ಕಳೆದ ಕೂಡಲೇ ಕೆಲಸಕ್ಕೆ ಕೈ ಹಾಕುವುದು, ಮೇ ಕೊನೆಗೆ ರೋಹಿಣಿ ಮಳೆ ಹುಟ್ಟುವುದರೊಳಗೆ ಮುಗಿಸುವುದು. ಜೂನ್ ಮೊದಲ ವಾರ ಮೃಗಶಿರಾ ಹಿಡಿದರೆ ಮಾಡು ಬಿಚ್ಚುವ ಮಾತಿಲ್ಲ. ನಮ್ಮ ಹತ್ತಿರದ ಆಗುಂಬೆಯಲ್ಲಿ ವರ್ಷಕ್ಕೆ 7,000 ಮಿಲಿಮೀಟರಿಗೂ ಹೆಚ್ಚು ಮಳೆ ಬೀಳುತ್ತದೆ, ನೀನಿರುವ ಬೆಂಗಳೂರಿನ ಮಳೆ 1,000ದ ಆಸುಪಾಸು; ಅಲ್ಲಿ ಕೂತು ಹಾಕಿದ ಅಂದಾಜಿಗೆ ಇಲ್ಲಿಯ ಮಳೆ ಕಾಣುವುದಿಲ್ಲ. ನಡುವೆ ಅಡ್ಡಮಳೆ ಬಂದೇ ಬರುತ್ತದೆ. ಹಾಗಾಗಿ ಒಂದು ಸಲಕ್ಕೆ ಒಂದೇ ಮಗ್ಗುಲು ಬಿಚ್ಚಬೇಕು, ಟಾರ್ಪಾಲು ಕೈಗೆ ಸಿಗುವಂತಿರಬೇಕು.

ಮೊದಲು ತೊಲೆಯ ಅಡಿಗೆ ಊರೆ. ಆಮೇಲೆ ಹೆಂಚು ಇಳಿಸುವುದು. ಗಾಳಿಗೆ ಬಿದ್ದ ಹಲಸಿನ ಮರವನ್ನು ಕೊಯ್ಸಿ ಕೊಟ್ಟಿಗೆಯ ಅಟ್ಟದಲ್ಲಿ ಇಟ್ಟಿದ್ದೇವಲ್ಲ, ಅದು ಚೆನ್ನಾಗಿ ಒಣಗಿದೆ. ಹೊರಗಿನ ಬಿಳಿ ಭಾಗ ಕೆತ್ತಿ ತೆಗೆದು ಕೆಚ್ಚು ಮಾತ್ರ ಬಳಸಿದರೆ ಪಕಾಸಿಗಳಿಗೆ ಸಾಕಾಗುತ್ತದೆ. ತೊಲೆಗೆ ಮಾತ್ರ ಭೋಗಿ ಮರ ಕೊಳ್ಳಬೇಕು, ನಿನ್ನ ಹಣದ ದೊಡ್ಡ ಪಾಲು ಅಲ್ಲಿಗೆ ಹೋಗುತ್ತದೆ. ಗೋಡೆಯೊಳಗೆ ಕೂರುವ ತುದಿಗೆ ಗೇರೆಣ್ಣೆ ಕುಡಿಸಿಯೇ ಕೂರಿಸಬೇಕು, ಏಕೆಂದರೆ ಗೆದ್ದಲು ಏರುವುದು ಗೋಡೆಯಿಂದ. ಕಣಿವೆಯಲ್ಲಿ ನೀರು ಹರಿಯುವ ತಗಡಿನ ದೋಣಿ ತುಕ್ಕು ಹಿಡಿದು ಜಾಳಾಗಿದೆ. ಅದು ಒಸರಿದ ನೀರೇ ತೊಲೆಯ ತುದಿಯನ್ನು ಒದ್ದೆಯಾಗಿಟ್ಟದ್ದು. ಹೊಸ ದೋಣಿಯನ್ನು ಇನ್ನೂ ಅಗಲವಾಗಿ ಮಾಡಿಸುತ್ತೇನೆ.

ಹೆಂಚು ಹೆಚ್ಚು ಕೊಳ್ಳಬೇಕಾಗಿಲ್ಲ. ಬಾಸೆಲ್ ಮಿಷನ್ನಿನವರು 1865ರಲ್ಲಿ ಮಂಗಳೂರಿನ ಜೆಪ್ಪುವಿನಲ್ಲಿ ಹೆಂಚಿನ ಕಾರ್ಖಾನೆ ತೆರೆದರೆಂದು ಶಾಲೆಯಲ್ಲಿ ಮಕ್ಕಳಿಗೆ ಪಾಠ ಹೇಳುತ್ತಿದ್ದೆ. ನಿನ್ನ ಅಜ್ಜ ಸೋಗೆ ತೆಗೆದು ಹೊದಿಸಿದ ನಮ್ಮ ಹೆಂಚುಗಳೂ ಮಂಗಳೂರಿನಿಂದ ಬಂದವೇ. ಪಾಚಿ ಉಜ್ಜಿ ಬೆರಳ ಗೆಣ್ಣಿನಿಂದ ತಟ್ಟಿದರೆ ಬಹಳಷ್ಟು ಇನ್ನೂ ಕಣಕಣ ಎನ್ನುತ್ತವೆ. ಒಡಕು ದನಿಯವನ್ನು ಬೇರೆ ಎತ್ತಿಡುವುದು. ಒಂದು ಕಾರ್ಖಾನೆಯ ಹೆಂಚು ಇನ್ನೊಂದರ ಜತೆ ಸರಿಯಾಗಿ ಕಚ್ಚಿ ಕೂರುವುದಿಲ್ಲವಾದ್ದರಿಂದ, ಕಡಿಮೆ ಬಿದ್ದಷ್ಟನ್ನು ಅದೇ ಮುದ್ರೆಯ ಹಳೆಯ ಹೆಂಚು ಹುಡುಕಿ ತರುತ್ತೇವೆ.

ಹಣದ ವಿಷಯದಲ್ಲಿ ಒಂದು ಮಾತು. ಯಾರಿಗೂ ಪೂರ್ತಿ ಮುಂಗಡ ಕೊಡಬಾರದು. ಆ ಶೀಟಿನವರಿಗೆ ಏನಾದರೂ ಕೊಟ್ಟಿದ್ದರೆ ಕೂಡಲೇ ವಾಪಸು ಕೇಳು. ಕೆಲಸ ಮಾಡಿಸುವವರು ಎದುರು ನಿಂತು ನೋಡಬೇಕು, ಅಳತೆ ಬರೆದಿಟ್ಟುಕೊಳ್ಳಬೇಕು. ನಿನ್ನ ಫ್ಲಾಟಿನಲ್ಲೂ ಸ್ನಾನದ ಮನೆಯ ಹೊರಗೋಡೆ ಉಬ್ಬಿದ್ದನ್ನು ನಾನು ದೀಪಾವಳಿಗೆ ಬಂದಾಗ ನೋಡಿದ್ದೇನೆ. ಬಣ್ಣ ಹೊಡೆಸಿ ಮುಚ್ಚಬೇಡ, ನೀರು ಎಲ್ಲಿಂದ ಬರುತ್ತಿದೆಯೆಂದು ಮೊದಲು ನೋಡಿಸು. ಸಾಲದ ಕಂತು ಕಟ್ಟುವವಳು ಇದನ್ನೆಲ್ಲ ಮುಂದೂಡಬಾರದು. ಬೇಡವೆಂದುಕೊಂಡೇ ಕೂತಿದ್ದೆ, ಆದರೂ ಉಪದೇಶವಾಯಿತು, ಇರಲಿ, ಹೇಳಬೇಕಾದ್ದೇ.

‘ಆ ಮನೆಯಲ್ಲಿ ಇನ್ನು ಯಾರು ಇರುತ್ತಾರೆ’ ಎಂದು ನೀನು ಕೇಳಿದೆ. ನಾವಿಬ್ಬರು ಇದ್ದೇವೆ ಮಗಳೇ. ಇರುವಷ್ಟು ಕಾಲ ತಲೆಯ ಮೇಲಿನ ಮರವನ್ನು ನಂಬಿ ಮಲಗಬೇಕು.

ಅಪ್ಪಯ್ಯ ತಾವೇ ಏಣಿ ಹತ್ತುತ್ತೇನೆಂದು ಹಟ ಹಿಡಿದಿದ್ದಾರೆ. ಮೊಣಕಾಲು ನೋವು, ಬಿಪಿ ಎರಡೂ ಇದ್ದು ನನ್ನ ಮಾತು ಕೇಳುವುದಿಲ್ಲ. ನೀನು ಹೇಳಿದರೆ ಕೇಳುತ್ತಾರೆ, ಇವತ್ತೇ ಹೇಳು. ತೊಲೆ ಏರಿಸುವ ದಿನ ರಜೆ ಸಿಕ್ಕರೆ ಬಾ, ಸಿಗದಿದ್ದರೆ ಕೆಲಸ ಬಿಟ್ಟು ಬರಬೇಡ. ನಿನ್ನ ಕೋಣೆಗೆ ಬೆಳಕು ಸಾಲದೆಂದು ಮೊದಲಿನಿಂದಲೂ ಹೇಳುತ್ತಿದ್ದೆ. ಗಾಜಿನ ಹೆಂಚು ಎರಡು ಸಾಕೋ ನಾಲ್ಕು ಬೇಕೋ ತಿಳಿಸು, ತೀರ್ಥಹಳ್ಳಿಯ ಅಂಗಡಿಯಲ್ಲಿ ಈಗಲೇ ಹೇಳಿಡಬೇಕು.

ಇಂತಿ,
ಅಮ್ಮ