ಹಿಂದಿನ ಬೆಂಚಿನಿಂದ ಎದ್ದುಬಂದ ಅಣ್ಣಾರಿಗೆ

ಹೋದ ಭಾನುವಾರ ಬೀದರಿನ ನಮ್ಮ ಚರ್ಚಿನಲ್ಲಿ ಆರಾಧನೆಗೆ ಮುಂಚೆ ನನ್ನ ಗಿಟಾರ್ ತಗಡು ಕೆರೆದಂಗ ಕೇಳ್ತಿತ್ತು. ಗಿಟಾರ್ ಆಂಪಿನ ಸದ್ದನ್ನು ಅನುಕರಿಸೋ ಆಂಪ್ ಮಾಡೆಲರ್‌ನಿಂದ ನೇರ ಮಿಕ್ಸರ್‌ಗೆ ಕೊಟ್ಟಿದ್ದೆ. ನೀವು ಬಂದು ಮಾಡೆಲರಿನ ಪರದೆ ನೋಡಿ, "ತಮ್ಮಾ, ಕ್ಯಾಬ್ ಬಂದ್ ಅದ" ಅಂದ್ರಿ. ಕ್ಯಾಬ್ ಅಂದ್ರ ಆಂಪಿನ ಸ್ಪೀಕರ್ ಪೆಟ್ಟಿಗೆಯನ್ನು ಅನುಕರಿಸೋ ಸೆಟ್ಟಿಂಗ್. ಆಂಪಿನ ಸ್ಪೀಕರ್ ಚುಚ್ಚುವ ಸದ್ದನ್ನು ತಾನೇ ತಡೀತದ, ಸ್ಪೀಕರ್ ಇಲ್ಲದಾಗ ಆ ಕೆಲಸ ಕ್ಯಾಬ್ ಸಿಮ್ಯುಲೇಶನ್ನೇ ಮಾಡಬೇಕು ಅಂತ ಸಮಾಧಾನದಿಂದ ತಿಳಿಸಿ ಹೇಳಿದ್ರಿ. ಗೇನ್ (ಒಳಬರೋ ಸದ್ದನ್ನು ಹಿಗ್ಗಿಸೋ ಮಟ್ಟ) ಇಳಿಸಿದ್ರಿ. ಗುಂಯ್ ಅನ್ನೋ ಸದ್ದು ಗ್ರೌಂಡ್ ಲಿಫ್ಟ್ (ಕೇಬಲಿನ ಗ್ರೌಂಡ್ ಸಂಪರ್ಕ ಬಿಡಿಸೋ ಗುಂಡಿ) ಒತ್ತಿದ ಕೂಡಲೇ ನಿಂತಿತು. ನಿಮಿಷಕ್ಕೆ 72 ಬೀಟ್‌ನ ಹಾಡಿಗೆ ಡಾಟೆಡ್ ಎಯ್ತ್ ಡಿಲೇ (ಮುಕ್ಕಾಲು ಬೀಟಿನ ನಂತರ ಮರಳಿ ಕೇಳೋ ಪ್ರತಿಧ್ವನಿ) 625 ಮಿಲಿಸೆಕೆಂಡ್ ಅಂತ ಬಾಯಲ್ಲೇ ಲೆಕ್ಕ ಹಾಕಿದ್ರಿ! ಪ್ರಭುಭೋಜನದ ಹೊತ್ತಿಗೆ ಮೆಲ್ಲಗೆ ನುಡಿಸಿದ ಒಂದೊಂದು ತಂತಿಯೂ ಹಿಂದಿನ ಗೋಡೆತನಕ ಹರಿದಾಗ ನನ್ನ ಕಣ್ಣು ತುಂಬಿ ಬಂತು. ಹೆಸರು ಕೇಳೋಷ್ಟರಲ್ಲಿ ನೀವು ಹೊರಟುಬಿಟ್ಟಿದ್ರಿ. ಅಣ್ಣಾರ, ಮನಸಾರೆ ಧನ್ಯವಾದ್ರಿ.