ಆಟಿಯಲ್ಲಿ ವಾಕಿಂಗ್ ಎಲ್ಲಿ ಮಾರಾಯ್ರೆ?

ಮಕ್ಕಳಿಗೆ ಶಾಲೆ ರಜೆ. ಕೊಲ್ಲಿಯ ಬಿಸಿಲು ತಪ್ಪಿಸಿಕೊಂಡು ನಮ್ಮಲ್ಲಿ ಅರ್ಧಕ್ಕರ್ಧ ಜನ ಊರಿಗೆ ಹೊರಟಿದ್ದಾರೆ. ಕಾಸರಗೋಡು ಕಡೆಯ ಬದಿಯಡ್ಕವೋ, ಪೆರ್ಲವೋ, ಕುಂಬಳೆಯೋ, ಮಂಜೇಶ್ವರವೋ, ಎಲ್ಲಿಗೆ ಹೋದರೂ ಜುಲೈ ಎಂದರೆ ಜಡಿಮಳೆ. ಇಲ್ಲಿ ಎಸಿ ಜಿಮ್‌ನಲ್ಲಿ ಕಷ್ಟಪಟ್ಟು ಮಾಡಿಕೊಂಡ ಅಭ್ಯಾಸ ಊರಿನ ಜಗಲಿಯಲ್ಲಿ ಕೂತ ಎರಡೇ ದಿನಕ್ಕೆ ಮಂಗಮಾಯ.

ಮಳೆಯನ್ನೇ ದೂರಿ ಪ್ರಯೋಜನವಿಲ್ಲ. ಆಟಿ ಎಂದರೆ ತುಳುವರ ಮಳೆಗಾಲದ ತಿಂಗಳು, ಆಗ ಮದುವೆ, ಗೃಹಪ್ರವೇಶ ಅಂತ ಓಡಾಟ ಇರುವುದಿಲ್ಲ. ಪತ್ರೊಡೆ, ಹಲಸಿನ ಹಪ್ಪಳ, ಸೋಂಟೆ ಮಾತ್ರ ಬಿಡುವಿಲ್ಲದೆ ಬರುತ್ತವೆ. ಮಳೆ ಬಿಟ್ಟಾಗ ಅಂಗಡಿಗೆ ನಡೆದು ಹೊರಟಿರೋ, ಯಾರಾದರೂ ಬೈಕ್ ನಿಲ್ಲಿಸುತ್ತಾರೆ. "ಎಂತ, ನಡ್ಕೊಂಡು ಹೋಗುವುದಾ? ಹತ್ತಿ, ಹತ್ತಿ." ಬೇಡ ಎಂದರೆ ಅವರಿಗೆ ಬೇಜಾರು. ಕೈಯಲ್ಲಿ ಕಾಸಿರುವವನು ಯಾಕೆ ನಡೆಯುತ್ತಾನೆ ಎಂಬುದು ಊರಿನ ಲೆಕ್ಕ.

"ನಮ್ಮ ಅಜ್ಜ ಯಾವ ಜಿಮ್‌ಗೆ ಹೋಗಿದ್ರು?" ಅಂತ ಕೇಳುವವರು ಪ್ರತಿ ಸಲ ಸಿಗುತ್ತಾರೆ. ಸರಿ, ಅಜ್ಜ ಹೋಗಲಿಲ್ಲ. ಗುಡ್ಡೆಯಿಂದ ಸೊಪ್ಪಿನ ಹೊರೆ ಹೊತ್ತು ಇಳಿದರು, ಸಂಕ ದಾಟಿ ಪೇಟೆಗೆ ನಡೆದರು. ಈಗ ಅಡಿಕೆ ಕೊಯ್ಯಲು ದೋಟಿ, ನೀರಿಗೆ ಪಂಪು, ಸುಲಿಯಲು ಯಂತ್ರ ಬಂದಿವೆ. ಬಂದದ್ದು ಒಳ್ಳೆಯದೇ. ಅಡಿಕೆ ಮರದಿಂದ ಬಿದ್ದು ಸೊಂಟ ಮುರಿದುಕೊಂಡವರನ್ನು ಕಂಡ ಊರು ನಮ್ಮದು. ಆದರೆ ಕೆಲಸ ಕಮ್ಮಿಯಾದರೂ ಅನ್ನದ ರಾಶಿ ಕಮ್ಮಿಯಾಗಲಿಲ್ಲ, ಅಲ್ವಾ?

ಹಾಗಾದರೆ ವ್ಯಾಯಾಮ ಎಷ್ಟು ಬೇಕು? ವಿಶ್ವ ಆರೋಗ್ಯ ಸಂಸ್ಥೆ ದೊಡ್ಡವರಿಗೆ ಹೇಳುವುದು ವಾರಕ್ಕೆ 150ರಿಂದ 300 ನಿಮಿಷ, ಬಿರುಸು ನಡಿಗೆಯಂಥದ್ದು. ನಡೆಯುವಾಗ ಮಾತಾಡಲು ಆಗಬೇಕು, ಹಾಡಲು ಆಗಬಾರದು. ಯಕ್ಷಗಾನದ ಭಾಗವತಿಕೆ ಮಾಡುವಷ್ಟು ಉಸಿರು ಉಳಿದಿದೆ ಎಂದರೆ ಸ್ವಲ್ಪ ವೇಗ ಜಾಸ್ತಿ ಮಾಡಿ. ಮೊದಲೆಲ್ಲ ಒಮ್ಮೆಗೆ 10 ನಿಮಿಷವಾದರೂ ನಡೆದರೆ ಮಾತ್ರ ಲೆಕ್ಕ ಎನ್ನುತ್ತಿದ್ದರು. 2020ರಲ್ಲಿ ಆ ಷರತ್ತು ಹೋಯಿತು. ಐದು ನಿಮಿಷವೂ ಲೆಕ್ಕಕ್ಕೆ ಬರುತ್ತದೆ. ನಮ್ಮ ವಾಟ್ಸಾಪ್ ಗುಂಪಿನಲ್ಲಿ ದಿನಾ ಹೆಜ್ಜೆ ಎಣಿಸಿ ಹಾಕುವವರಿಗೂ ಒಂದು ಮಾತು. 10,000 ಎಂಬ ಸಂಖ್ಯೆ ಪ್ರಚಾರಕ್ಕೆ ಬಂದದ್ದು 1965ರಲ್ಲಿ ಜಪಾನಿನಲ್ಲಿ ಮಾರಾಟಕ್ಕೆ ಬಂದ ಹೆಜ್ಜೆ ಎಣಿಸುವ ಯಂತ್ರದ ಹೆಸರಿನಿಂದ. ಅಷ್ಟು ಆಗಲಿಲ್ಲ ಎಂದು ಸುಮ್ನೆ ತಲೆಬಿಸಿ ಬೇಡ.

ಐದು ನಿಮಿಷಕ್ಕೂ ಬೆಲೆ ಇದೆ ಎಂದಮೇಲೆ ಊರಿನಲ್ಲಿ ವ್ಯಾಯಾಮಕ್ಕೆ ಬೇರೆ ಹೊತ್ತು ಹುಡುಕಬೇಕಾಗಿಲ್ಲ. ಹೇಗೂ ನಡೆಯುವ ಕೆಲಸಕ್ಕೆ ಅದನ್ನು ಗಂಟು ಹಾಕಿ. ಊಟವಾದ ತಕ್ಷಣ ಜಗಲಿಯಲ್ಲಿ ಹತ್ತು ನಿಮಿಷ ಅತ್ತಿಂದಿತ್ತ ನಡೆಯಿರಿ. ಸ್ನಾಯುಗಳು ರಕ್ತದ ಸಕ್ಕರೆಯನ್ನು ಬಳಸಿಕೊಳ್ಳುವುದರಿಂದ ಊಟದ ನಂತರ ಶುಗರ್ ಅಷ್ಟು ಏರುವುದಿಲ್ಲ. ಶುಗರ್ ಇಲ್ಲದ ಮನೆ ನಮ್ಮಲ್ಲಿ ಎಷ್ಟಿದೆ ಹೇಳಿ? ಬೆಳಿಗ್ಗೆ ಸೊಸೈಟಿಗೆ ಹಾಲು ಕೊಡಲು ನೀವೇ ಹೋಗಿ. ಮಳೆ ಬಿಟ್ಟರೆ ಮನೆಯ ಹಿಂದಿನ ಗುಡ್ಡೆ ಹತ್ತಿ. ಅಂಗಳದಲ್ಲಿ ಮಾತ್ರ ಜಾಗ್ರತೆ, ಪಾಚಿ ಹಿಡಿದಿರುತ್ತದೆ.

ವಾರಕ್ಕೆ ಎರಡು ದಿನವಾದರೂ ಸ್ನಾಯುಗಳಿಗೆ ಬಲ ಕೊಡುವ ವ್ಯಾಯಾಮವೂ ಬೇಕು. ಚಹಾ ಕುದಿಯುವಷ್ಟರಲ್ಲಿ ಕೈ ಊರದೆ ಕುರ್ಚಿಯಿಂದ ಏಳುವುದು, ಕೂರುವುದು ಮಾಡಿದರೆ ತೊಡೆಗೆ ಒಳ್ಳೆ ಕೆಲಸ. ಇದನ್ನು ಅಪ್ಪ ಅಮ್ಮನ ಜೊತೆಗೇ ಮಾಡಿ. ವಯಸ್ಸಾದಂತೆ ಮೊದಲು ಕೈಕೊಡುವುದು ಕಾಲಿನ ಬಲ. 65 ದಾಟಿದವರು ವಾರಕ್ಕೆ ಮೂರು ದಿನ ಸಮತೋಲ ತಪ್ಪದಂತೆ ನಿಲ್ಲುವ ಅಭ್ಯಾಸವನ್ನೂ ಮಾಡಬೇಕು. ಜಗಲಿಯ ಕಂಬ ಹಿಡಿದು ಒಂಟಿ ಕಾಲಲ್ಲಿ ನಿಲ್ಲುವುದರಿಂದ ಶುರುಮಾಡಬಹುದು. ಎದೆನೋವು, ತಲೆತಿರುಗು ಇರುವವರು ಡಾಕ್ಟರನ್ನು ಕೇಳಿಯೇ ಶುರುಮಾಡಲಿ. ಬರುವಾಗ ಗಲ್ಫಿನ ಚಾಕಲೇಟ್ ಡಬ್ಬಿಯ ಜೊತೆ ಅವರಿಗೆ ಜಾರದ ಒಂದು ಜೊತೆ ಚಪ್ಪಲಿಯೂ ತನ್ನಿ.

ಸಂಘದ ಬೆಳಗಿನ ನಡಿಗೆ ಅಕ್ಟೋಬರ್ ಕೊನೆಗೆ, ಇಲ್ಲಿನ ಬಿಸಿಲು ಇಳಿದ ಮೇಲೆ, ಮತ್ತೆ ಶುರು. ಜಾಗ ಮತ್ತು ಸಮಯ ಮುಂದಿನ ಸಂಚಿಕೆಯಲ್ಲಿ.